ಕುರ್ಚಿ ಇರೋ ಕೆಲಸ

ಬೆಳಗಿನ ಬಸ್ಸಿನಲ್ಲಿ ಕಂಬಿ ಹಿಡಿದು ನಿಂತಿದ್ದ ಕ್ಷೌರಿಕನ ಕಿವಿ, ಪಕ್ಕದಲ್ಲಿ ನಿಂತಿದ್ದ ಅಕ್ಕತಂಗಿಯರ ಮಾತಿಗೆ ಅಂಟಿಕೊಂಡಿತು. ಅಕ್ಕ ಸಿನಿಮಾ ಟಿಕೆಟ್ ಕೊಡುವವಳು, ತಂಗಿ ಬಟ್ಟೆ ಅಂಗಡಿಯಲ್ಲಿ ಕೆಲಸಕ್ಕಿದ್ದವಳು.

"ನಿನಗೇನಕ್ಕ, ರಾಣಿ ಹಾಗೆ ಕೂತ್ಕೊಂಡು ಕೆಲಸ. ತಲೆ ಮೇಲೆ ಫ್ಯಾನು, ಪುಕ್ಕಟೆ ಸಿನಿಮಾ."

"ಸಂಬಳ ನಿನ್ನದರಲ್ಲಿ ಅರ್ಧ ಕಣೇ. ಮನೆ ಸೇರೋ ಹೊತ್ತಿಗೆ ಮಕ್ಕಳು ಮಲಗಿರ್ತವೆ."

"ಜಾಸ್ತಿ ಸಂಬಳ ತಗೊಂಡು ನಾನೇನು ಮಾಡ್ಲಿ? ನಿಂತು ನಿಂತು ಮೊಣಕಾಲು ಸತ್ತೇ ಹೋಗಿದೆ."

"ಹಾಗಾದ್ರೆ ನಿನ್ನ ಸಂಬಳ ಕೊಡು, ನನ್ನ ಕುರ್ಚಿ ತಗೋ."

"ಆಹಾ, ನೀನು ಕೊಟ್ಟುಬಿಡ್ತೀಯ!"

ಅಷ್ಟರಲ್ಲಿ ಅವರ ಪಕ್ಕದ ಸೀಟೊಂದು ಖಾಲಿಯಾಯಿತು.

"ಕೂತ್ಕೊಳ್ಳೇ, ಇನ್ನು ದಿನವಿಡೀ ನಿಲ್ಲಬೇಕಲ್ಲ," ಎಂದಳು ಅಕ್ಕ.

"ನೀನೇ ಕೂತ್ಕೋ. ಕೂತು ಅಭ್ಯಾಸ ಇರೋದು ನಿನಗೇ ತಾನೆ!"

ಅಕ್ಕ ಮುಖ ತಿರುಗಿಸಿದಳು. ಇಬ್ಬರೂ ಆ ಸೀಟಿಗೆ ಅಡ್ಡವಾಗಿ ಬಿಗಿದುಕೊಂಡು ನಿಂತರು, ತಮ್ಮ ಸ್ಟಾಪು ಬಂದಾಗ ಇಳಿದು ಹೋದರು.

ಕ್ಷೌರಿಕನ ಅಂಗಡಿಯಲ್ಲೂ ಮೆತ್ತನೆಯ ಕುರ್ಚಿಯೊಂದಿತ್ತು. ಗಿರಾಕಿ ಇಲ್ಲದಾಗಲೂ ಯಜಮಾನ ಅವನನ್ನು ಅದರಲ್ಲಿ ಕೂರಲು ಬಿಡುತ್ತಿರಲಿಲ್ಲ. ಅವನು ಇಳಿಯಬೇಕಾದ್ದು ಮುಂದಿನ ಸ್ಟಾಪಿನಲ್ಲೇ. ಆದರೂ ಬೇರೆಯವರು ನೋಡುವ ಮೊದಲೇ ಹೋಗಿ ಆ ಖಾಲಿ ಸೀಟಿನಲ್ಲಿ ದಬಕ್ಕನೆ ಕೂತುಬಿಟ್ಟ.