ಎಲ್ವಿಯೊ ಮೋಡ ಕಡಿದದ್ದು

…ಅಲ್ಲ ಭಾವ, ನಿಂಬೆಹಣ್ಣಿನ ಗಾತ್ರ ಅಂತ ಯಾರು ಹೇಳಿದ್ದು ನಿಮಗೆ? ನಿಂಬೆಹಣ್ಣಂತೆ! ಇಡೀ ಮೆಂದೋಸಾ ಸೀಮೆಯಲ್ಲಿ ನಿಂಬೆಹಣ್ಣು ಬಿದ್ದಿರಬಹುದು, ನಮ್ಮ ಅಂಗಳಕ್ಕೆ ಬಿದ್ದದ್ದು ಒಂದೊಂದೂ ಕುಂಬಳಕಾಯಿ. ಒಂದು ಆಲಿಕಲ್ಲು ಕೋಳಿಗೂಡಿನ ತಗಡು ತೂತು ಮಾಡ್ಕೊಂಡು ಒಳಗೆ ಹೋಯ್ತಲ್ಲ, ನಮ್ಮ ಕೋಳಿ ಅದರ ಮೇಲೆ ಕಾವಿಗೆ ಕೂತಿದೆ! ತೆಗೆಯೋಣ ಅಂತ ಕೈ ಹಾಕಿದ್ರೆ ಕುಕ್ಕತ್ತೆ… ನಗಿ ಭಾವ. ನಗೋದಕ್ಕೂ ತೆರಿಗೆಯಾ?

ಕೂತ್ಕೊಳ್ಳಿ, ಕೂತ್ಕೊಳ್ಳಿ. ಆ ಬಾಗಿಲು ಹಾಕಬೇಡಿ, ತೆರೆದಿರಲಿ. ನೀಲ್ದಾಗೂ ಕೇಳಿಸ್ಲಿ. ಬೋರಲು ಮಲಗಿ ಮಲಗಿ, ನೆಲದ ಇಟ್ಟಿಗೆ ಬಿಟ್ಟು ಬೇರೇನೂ ಕಂಡಿಲ್ಲ ಅವಳು. ಏ ನೀಲ್ದಾ! ನಿಮ್ಮಣ್ಣ ಎವಾರಿಸ್ತೊ ಬಂದಿದಾರೆ, ಬೇಲಿ ದಾಟ್ಕೊಂಡು… ತಲೆ ಎತ್ತಬೇಡ! ಎತ್ತಬೇಡ ಅಂದ್ನಲ್ಲ. ಕಣ್ಣೊಳಗೆ ಡಾಕ್ಟರು ಇಟ್ಟ ಗಾಳಿಗುಳ್ಳೆ ಜಾಗ ಬಿಟ್ಟರೆ ಆಪರೇಷನ್ನೂ ಹೋಯ್ತು, ಕಣ್ಣೂ ಹೋಯ್ತು. ಏಳಬಾರದು, ಅಳಬಾರದು, ಏನನ್ನೂ ಮನಸ್ಸಿಗೆ ಹಚ್ಕೋಬಾರದು. ಡಾಕ್ಟರು ಹೇಳಿದಾಗ ನೀವೂ ಪಕ್ಕದಲ್ಲೇ ಇದ್ರಲ್ಲ ಭಾವ? ಇದ್ರಿ. ಹಾಂ. ನೆನಪಿರಲಿ.

ಮಾಟೆ ಕಷಾಯ ಹೀರಿ. ಸೋರೆಬುರುಡೆ ಕೈಲಿ ಹಿಡ್ಕೊಂಡೇ ಕೂತಿದೀರಲ್ಲ, ಅದೇನು ಮೈಕಾ? ಭಾಷಣ ಮಾಡ್ತೀರಾ? ಮಾಡೋದಾದ್ರೆ ಮಾಡಿ. ಇಲ್ಲಾಂದ್ರೆ ಕುಡಿದು ಇತ್ತ ಕೊಡಿ.

ಹೂಂ, ಎಲ್ಲಿದ್ದೆ… ಕೊಡಲಿ. ನಿಮ್ಮ ತಂಗಿ ಇಷ್ಟು ವರ್ಷ ಆಲಿಕಲ್ಲು ಬೀಳದ ಹಾಗೆ ಈ ಓಣಿಗೆಲ್ಲ ಮೋಡ ಕಡಿದುಕೊಟ್ಟವಳು. ಬೇಸಿಗೆ ಮೋಡ ಕಪ್ಪಾಗಿದ್ದೇ ತಡ, ಅಂಗಳದಲ್ಲಿ ಉಪ್ಪಿನ ಶಿಲುಬೆ ಎಳೆದು, ಕೊಡಲಿ ನೆಲಕ್ಕೆ ಹೊಡೆದು, ಬಾಯಲ್ಲೇ ಏನೋ ಮಣಮಣ… ಮೋಡ ಎರಡು ಹೋಳು! ಈ ಸಲ ಏಳೋ ಹಾಗಿಲ್ಲ. ನಿನ್ನೆ ಹಾಸಿಗೆಯಿಂದಲೇ ಕೂಗಿದ್ಲು, ‘ಎಲ್ವಿಯೊ, ಉಪ್ಪು ತಗೊಳ್ಳಿ! ಅಲಗು ಮೋಡದ ಕಡೆಗಿರಲಿ!’ ಅಂತ. ನಾನಂದ್ರೆ ಸುಮ್ನೇನಾ? ಒಂದೇ ಏಟು ಭಾವ. ಒಂದೇ! ಕಾವಿನ ಸಮೇತ ಕೊಡಲಿ ಒಳಗೆ. ಭೂಮಿಯ ಆ ಮಗ್ಗುಲಲ್ಲಿ ಯಾರೋ ಚೀನಾದವನ ಟೋಪಿ ತೂತಾಗಿರಬೇಕು. ಮೋಡ ಚರ್ರಂತ ಹರೀತು ನೋಡಿ, ಹಳೇ ಚಡ್ಡಿ ಹರಿದ ಹಾಗೆ! ಅರ್ಧ ಕಾಲುವೆ ಆಚೆ. ಇನ್ನರ್ಧ ನಿಮ್ಮ ತೋಟಕ್ಕೆ… ಬೈಯೋದಾದ್ರೆ ನನ್ನ ಬೈರಿ, ನಿಮ್ಮ ತಂಗೀನ ಅಲ್ಲ. ನಡುವೆ ನಮ್ಮ ದ್ರಾಕ್ಷಿ. ಒಂದು ಕಲ್ಲಿಲ್ಲ!

ಯಾಕೆ ಹಾಗೆ ನೋಡ್ತೀರಿ?

ಮನೆ ಮೇಲೆ ಬಿದ್ದದ್ದು ಬಿತ್ತು. ಮಾಡಿಗೆ ಕಲ್ಲು ಬಡಿದದ್ದನ್ನ ಅವಳೂ ಕೇಳಿದಾಳೆ, ಇಲ್ಲ ಅನ್ನೋಕಾಗತ್ತಾ? ಕೊಡಲಿ ನೆಟ್ಟದ್ದು ಅಂಗಳದ ಅಂಚಲ್ಲಿ. ಮನೆ ಈಚೆ, ತೋಟ ಆಚೆ. ಒಂದೇ ಒಂದು ಕಲ್ಲು ಕಣ್ತಪ್ಪಿಸಿ ಆಚೆ ಉರುಳ್ತು. ನಾನು ಗದರಿದೆ. ವಾಪಸ್ ಬಂತು.

…ಏನಂದೆ ನೀಲ್ದಾ? ವಾಸನೆಯಾ? ಹಸಿ ಎಲೆ ಜಜ್ಜಿದ ವಾಸನೆ… ಹೂಂ, ನನಗೂ ಬರ್ತಿದೆ. ಗಾಳಿ ನಿಮ್ಮಣ್ಣನ ತೋಟದಿಂದ ತಾನೇ ಬೀಸ್ತಿರೋದು? ಅವರ ಬೂಟಿಗೂ ಎಲೆ ಮೆತ್ತಿದೆ ನೋಡು… ನೋಡಬೇಡ! ಹಾಗೇ ಇರು. ಅದೇ ವಾಸನೆ. ಹೇಳಿ ಭಾವ, ನಿಮ್ಮ ತೋಟದ್ದು ಅಂತ.

…ಆಮೇಲೆ ಹೇಳ್ತಾರಂತೆ. ಪಾಪ, ಅವರದ್ದು ಹೋಯ್ತಲ್ಲ. ನಮ್ಮದು… ನಮ್ಮದಿದೆ. ಕಾಯಿ ಬಣ್ಣ ತಿರುಗ್ತಿದೆ. ಗೊನೆ ಅಂದ್ರೆ ಗೊನೆ, ಹಸುವಿನ ಕೆಚ್ಚಲಿನ ಹಾಗೆ ಜೋತಾಡ್ತಿದೆ. ಬೆಳಿಗ್ಗೆ ಹೋಗಿದ್ದೆ ಭಾವ. ಈ ತುದಿಯಿಂದ ಆ ತುದಿಗೆ ನಡೆದೆ. ಆ ತುದಿಯಿಂದ ಈ ತುದಿಗೆ ನಡೆದೆ. ಆಮೇಲೆ ಮತ್ತೆ ನಡೆದೆ. ಯಾಕೆ ಅಂತ ಗೊತ್ತಿಲ್ಲ. ಚಪ್ಪರದ ಕೆಳಗೆ ಎಷ್ಟು ಬೆಳಕು ಅಂತೀರಿ, ಜನವರಿಯ ನಡುಬೇಸಿಗೆಯಲ್ಲಿ ಅಲ್ಲಿ ಆಕಾಶ ಕಂಡದ್ದೇ ಇಲ್ಲ ನಾನು… ಅಂದ್ರೆ, ಬಿಸಿಲು ಚೆನ್ನಾಗಿತ್ತು ಅಂದೆ. ಬಿಸಿಲು.

ಹಾಂ? ಅಣ್ಣನ್ನೇ ಕೇಳ್ತೀಯಾ? ಕೇಳು, ಧಾರಾಳವಾಗಿ ಕೇಳು. ನೋಡಿ ಭಾವ, ಗಂಡನ ಮಾತು ನಂಬಲ್ವಂತೆ. ಗಂಡನಿಗೆ ಬಾಯಿ ತೆರೆದ್ರೆ ಬರೀ ಬೊಗಳೆಯಂತೆ, ಅಣ್ಣ ಜನ್ಮದಲ್ಲಿ ಸುಳ್ಳು ಹೇಳಿಲ್ವಂತೆ. ಕೇಳಿಸ್ತಲ್ಲ ಅವಳಂದದ್ದು? ಬೇಲಿ ಪಕ್ಕದ ಸಾಲು ಇದೆಯಾ ಅಂತ. ಅವಳು ಕಸಿ ಕಟ್ಟಿದ ಸಾಲು. ನೀವು ಅದರ ಮಗ್ಗುಲಲ್ಲೇ ತಾನೇ ಬಂದದ್ದು? ‘ಇದೆ’ ಅನ್ನಿ. ಎರಡಕ್ಷರ.

ಭಾವ…

ಹೋಗ್ಲಿ, ‘ಹೂಂ’ ಅನ್ನಿ. ಕೆಮ್ಮಿ ಬೇಕಾದ್ರೆ, ನಾನು ಅರ್ಥ ಹೇಳ್ತೀನಿ. ಆ… ತಲೆ ಆಡಿಸಿದ್ರು ನೀಲ್ದಾ! ಇದೆ ಅಂತ ತಲೆ ಆಡಿಸಿದ್ರು! ಜೋರಾಗಿ ಆಡಿಸಿದ್ರು!… ಏನು? ತಲೆ ಆಡೋದಾದ್ರೆ ನಾಲಿಗೆಗೇನಾಗಿದೆ ಅಂತೀಯಾ?

ಭಾವ. ದಮ್ಮಯ್ಯ. ಅವಳ ಕಣ್ಣು ಭಾವ.

…

ಸರಿ.

ನೀಲ್ದಾ? ನೀಲ್ದಾ? ಈಗ ನೀನೂ ಸುಮ್ಮನಾದ್ಯಾ? ಮುಖ ಕೆಳಗೇ ಇದೆಯಾ? ಇರಲಿ. ಹಾಗೇ ಇರಲಿ. ಅಳ್ತಿಲ್ಲ ತಾನೇ… ಅಳಬೇಡ ಕಣೇ. ನಾನೂ ಅಳ್ತಿಲ್ಲ. ನಿನ್ನೆಯಿಂದ ಅಳು ಬರ್ತಾನೇ ಇಲ್ಲ ನನಗೆ, ಏನಾಗಿದೆಯೋ.

ಏನು? … ಇಲ್ಲ. ಇಲ್ಲ ಕಣೇ, ನೀನು ಮಲಗಿದ್ದಕ್ಕಲ್ಲ. ನೀನೇ ಎದ್ದು ಹೊರಗೆ ಬಂದಿದ್ರೂ ಕಲ್ಲು ಬೀಳ್ತಿತ್ತು.

ಹೂಂ. ಆ ಸಾಲೂ.

ಹೂಂ… ಎಲ್ಲಾ. ಕಂಬ ನಿಂತಿವೆ. ತಂತಿ ಇದೆ.

ಇಲ್ಲ, ಎಲೆ ಇಲ್ಲ.