ಪಟ್ಟಿಯಲ್ಲಿಲ್ಲದ ಹೋದ ವರ್ಷ

ಬಸ್ ನಿಲ್ದಾಣದ ಬೆಂಚಿನ ಮೇಲೆ ಸಸಿ ಮಾರುವವಳು ಬುಟ್ಟಿ ಪಕ್ಕಕ್ಕಿಟ್ಟುಕೊಂಡು, ಬಾಡಿದ ಸಸಿಗಳಿಗೆ ನೀರು ಚಿಮುಕಿಸುತ್ತಿದ್ದಳು. ಕಂಪ್ಯೂಟರ್ ಚಿಪ್ ಕಂಪನಿಯ ಇಬ್ಬರು ಬಂದು ಅವಳ ಪಕ್ಕದಲ್ಲೇ ಕೂತರು. ಒಬ್ಬ ತಲೆ ನರೆತ ಪರೀಕ್ಷಕ, ಇನ್ನೊಬ್ಬಳು ಅವನ ವಿಭಾಗದವಳು.

“ಕೊಂಡವರೆಲ್ಲ ಅಳೆದು ನೋಡಿದ್ದಾರೆ ಸರ್. ಹೊಸ ಪ್ರೊಸೆಸರ್ ಹೋದ ವರ್ಷದ್ದಕ್ಕಿಂತ ನಿಧಾನ ಅಂತ ಎಲ್ಲರ ಬಾಯಲ್ಲೂ ಅದೇ ಮಾತು.”

“ಆರು ತಿಂಗಳ ಹಿಂದೆಯೇ ಬರೆದು ಕೊಟ್ಟಿದ್ದೆನಲ್ಲ ತಾಯಿ.”

“ಮತ್ಯಾಕೆ ಮಾರುಕಟ್ಟೆಗೆ ಬಿಟ್ಟರು?”

“ವರ್ಷಕ್ಕೊಂದು ಹೊಸ ನಂಬರಿನ ಚಿಪ್ ಅಂಗಡಿಗೆ ಬರಲೇಬೇಕಂತೆ. ತಾರೀಖು ಹೇಳಿಯಾಗಿತ್ತು.”

“ಬಿಡುಗಡೆಯ ದಿನ ವೇದಿಕೆ ಮೇಲೆ ತೋರಿಸಿದ ವೇಗದ ಪಟ್ಟಿಯಲ್ಲಿ ಇದೇ ಮುಂದಿತ್ತಲ್ಲ!”

“ಹೋದ ವರ್ಷದ್ದನ್ನು ಪಟ್ಟಿಯಿಂದ ತೆಗೆದು, ನಾಲ್ಕು ವರ್ಷ ಹಳೆಯದನ್ನು ಪಕ್ಕಕ್ಕಿಟ್ಟರು. ಅಜ್ಜನ ಜೊತೆ ಮೊಮ್ಮಗನನ್ನು ಓಡಿಸಿ, ಗೆದ್ದ ಅಂತ ಚಪ್ಪಾಳೆ ತಟ್ಟಿಸಿದ ಹಾಗೆ.”

“ಆ ಪಟ್ಟಿಗೆ ಸಹಿ ಹಾಕಿದ ಪುಣ್ಯಾತ್ಮ ಯಾರು?”

“ನಾನೇ.”

ಸಸಿ ಮಾರುವವಳು ನೀರು ಚಿಮುಕಿಸುವುದನ್ನು ಬಿಟ್ಟು ಅವರತ್ತ ತಿರುಗಿದಳು.

“ನೀವಾ ಸರ್?”

“ಹಾಕಿದರೆ ಪರೀಕ್ಷಾ ವಿಭಾಗ ಉಳಿಸುತ್ತೇವೆ ಅಂದರು. ನೀವು ಒಂಬತ್ತು ಜನ ಕಣ್ಣ ಮುಂದೆ ಬಂದಿರಿ.”

ವಿಭಾಗದವಳು ಚೀಲದಿಂದ ಒಂದು ಲಕೋಟೆ ತೆಗೆದು, ಓದದೆ, ಹಾಗೇ ಒಳಗಿಟ್ಟಳು.

“ಇವತ್ತು ಒಂಬತ್ತು ಜನಕ್ಕೂ ಕೆಲಸದಿಂದ ತೆಗೆದ ಪತ್ರ ಕೊಟ್ಟರು.”

“ನನ್ನದೂ ಸೇರಿ ಹತ್ತು. ಪರೀಕ್ಷೆಯಲ್ಲಿ ಲೋಪ ಅಂತ ಬರೆದಿದ್ದಾರೆ.”

“ಊಟ ಮಾಡಿದಿರಾ?”

“ನೆನಪಿಲ್ಲ.”

ದೂರದಲ್ಲಿ ಬಸ್ಸು ಕಾಣಿಸಿತು. ಇಬ್ಬರೂ ಎದ್ದರು.

“ಅಲ್ಲ ಸರ್, ಮುಂದಿನ ವರ್ಷದ್ದನ್ನು ಅಳೆಯೋರು ಯಾರು?”

“ಕೊಂಡವರು.”

ಅವನು ಅವಳನ್ನು ಮೊದಲು ಹತ್ತಿಸಿ, ತಾನೂ ಹತ್ತಿದ. ಬಸ್ಸು ಹೊರಟಿತು.