ಬೋರ್ಡಿನ ಮೇಲಿನ ಸನ್ನೆ

ತೊಂಬತ್ತಾರರ ತೊಗರಿ ಸುಗ್ಗಿ. ಜೇವರ್ಗಿ ನಿಲ್ದಾಣದಲ್ಲಿ ಅಫಜಲಪುರದ ಬಸ್ಸಿಗೆ ಕಾದಿದ್ದ ವತ್ಸಲಾಬಾಯಿಗೆ ಹಿಂದಿನ ಬೆಂಚಿನ ಮಾತು ಬೇಡವೆಂದರೂ ಕಿವಿಗೆ ಬೀಳುತ್ತಿತ್ತು. ಒಬ್ಬ, ದಲಾಲರ ಅಡತಿ ಅಂಗಡಿಗೆ ಎಲೆಕ್ಟ್ರಾನಿಕ್ ಕಾಟಾ ಕೂರಿಸಿದ ಗುಂಡೇರಾವ. ಇನ್ನೊಬ್ಬ, ಅದರ ಮೇಲೆ ತೊಗರಿ ತೂಗಿಸಲು ಒಲ್ಲೆನೆಂದು ಎದ್ದುಬಂದ ರೈತ ಸಿದ್ರಾಮಪ್ಪ.

“ಕಾಟಾದ ಬೋರ್ಡಿನ್ಯಾಗ ರೊಕ್ಕದ ಮುಂದ ಆ ಸೊಟ್ಟ ಗುರುತು ಯಾಕ ಬರ್ತದ?” ಸಿದ್ರಾಮಪ್ಪ ಕೇಳಿದ.

“ಆರ್, ಎಸ್ ಕೂಡಿಸಿದ ರೂಪಾಯಿ ಗುರುತು ಬರ್ಬೇಕಿತ್ರಿ. ಕಾಟಾದಾಗಿನ ಚಿಪ್ ಒಂದೊಂದು ಗುರುತಿಗಿ ವಾಯರಿನ್ಯಾಗ ಬರೇ ಒಂದು ನಂಬರ್ ಕಳಿಸ್ತದ. ಅಂಕಿ ತೋರ್ಸೋ ಬೋರ್ಡಿನ್ಯಾಗ ಆ ನಂಬರಿಗೆ ಜಪಾನಿ ಅಕ್ಷರ ಅದ.”

“ನಮ್ಮ ತೊಗರಿಗಿ ಜಪಾನಿನವ ಯಾಕ ಬಂದ?”

“ಬೋರ್ಡ್ ಅಲ್ಲಿಂದು, ಕಾಕಾ.”

“ಟವೆಲ್ ಕೆಳಗ ಬೆರಳು ಹಿಡದು ದರ ಮುಚ್ಚೋ ದಲಾಲರು ಇವ್ರು. ಅದು ಲೆಕ್ಕ ಬರಿಯೋ ಮುನೀಮಗ ಮಾಡೋ ಸನ್ನೆ, ಇವನ ರೊಕ್ಕದಾಗ ಇಷ್ಟು ಕಡಿ ಅಂತ.”

“ಬಸವಣ್ಣನ ಆಣಿ, ತಪ್ಪು ನಂದು. ಸಂಜಿಯೊಳಗ ಅದನ್ನ ತಗದು ಸಾದಾ ಆರ್, ಎಸ್ ಹಾಕ್ತೇನಿ. ನೀವು ಬಂದು ತೂಗಿಸ್ರಿ. ನೀವು ಎದ್ದು ಬಂದದ್ದು ನೋಡಿ ಯಾರೂ ತೂಗಸ್ಲಿಕ್ಕಿ ಬರವಲ್ರು. ಕಾಟಾ ವಾಪಸ್ ಹೋದ್ರ ನನ್ನ ನೌಕರಿ ಖಲಾಸ್.”

ಚೌಡಾಪುರದ ಬಸ್ ಬಂತು. ಸಿದ್ರಾಮಪ್ಪ ಎದ್ದ.

“ಈಗರ ಸನ್ನೆ ಕಣ್ಣಿಗಿ ಕಾಣ್ತದ, ತಮ್ಮಾ. ನೀ ತಗದ ಮ್ಯಾಲ ಅದನ್ನ ಎಲ್ಲಿ ಹುಡುಕ್ಲಿ?”

“ಕಾಕಾ, ಕೇಳ್ರಿ” ಎನ್ನುತ್ತ ಗುಂಡೇರಾವ ತಾನು ಹೋಗಬೇಕಿಲ್ಲದ ಆ ಬಸ್ಸನ್ನು ಅವನ ಬೆನ್ನಿಗೇ ಹತ್ತಿದ.